ಚಳಿಯಲ್ಲಿ ಮಾಣಿಕ್ಯ ಹೇಳುವ ಸುಳ್ಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಾಗದೆ ಅದು ಹೊಸದಾಗಿಯೇ ಉಳಿದಿತ್ತು. ಬರಿಗಣ್ಣಿಗೆ ಧೂಳಿನಂತೆ ಕಾಣುವ ಹರಳನ್ನು ಸೂಜಿಯ ತುದಿಯಿಂದ ಎತ್ತಿ, ಕೂದಲೆಳೆಗಿಂತ ಒಂದಿಷ್ಟೇ ಹೆಚ್ಚು ಅಗಲವಿರುವ ತೂತಿನೊಳಗೆ ಕೂರಿಸುವುದು ಅವಳ ಕೆಲಸ. ದೊಡ್ಡ ದೊಡ್ಡ ಪದವಿಯವರು ಉಸಿರು ಬಿಗಿಹಿಡಿದು ಪ್ರಯತ್ನಿಸಿ, ಹರಳನ್ನು ಕಳೆದುಕೊಂಡು, ನೆಲದ ಮೇಲೆ ಮಂಡಿಯೂರಿ ಹುಡುಕಿ, ಕೊನೆಗೆ ಪೆಚ್ಚುಮೋರೆ ಹಾಕಿಕೊಂಡು ಅವಳ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. "ಸೂಜಿಯಕ್ಕಾ, ಸೀನಿಬಿಟ್ಟೆ" ಎಂದು ಒಬ್ಬ ವಿದ್ವಾಂಸ ತಪ್ಪೊಪ್ಪಿಕೊಂಡದ್ದು ವರ್ಷಗಳು ಕಳೆದರೂ ಆ ಕಾರಿಡಾರಿನ ನಗೆಚಾಟಿಕೆಯಾಗಿಯೇ ಇತ್ತು.

ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಪ್ರಾಣ ಹಿಂಡುವಂಥದ್ದು. ಎರಡು ವಜ್ರಗಳು ಮೂತಿಗೆ ಮೂತಿ ಕೊಟ್ಟು ಕೂತಿರುತ್ತವೆ. ನಡುವೆ ಉಕ್ಕಿನ ತೆಳು ತಗಡು, ಅದರಲ್ಲೊಂದು ತೂತು. ಆ ತೂತಿನೊಳಗೆ ಹರಳು, ಹರಳಿನ ಪಕ್ಕ ಮಾಣಿಕ್ಯದ ಒಂದು ಚೂರು. ನಾಲ್ಕು ಸ್ಕ್ರೂಗಳನ್ನು ಸರದಿಯಂತೆ ಒಂದೊಂದು ಚಿಟಿಕೆ ತಿರುಗಿಸುತ್ತ ಹೋದರೆ ವಜ್ರಗಳು ಹತ್ತಿರವಾಗುತ್ತವೆ, ಒಳಗೆ ಒತ್ತಡ ಏರುತ್ತದೆ. ಎಷ್ಟು ಏರುತ್ತದೆಂದರೆ ನಮ್ಮ ನೆತ್ತಿಯ ಮೇಲಿನ ಗಾಳಿಯ ಭಾರದ ಹತ್ತಾರು ಸಾವಿರ ಪಟ್ಟು. ಆಮೇಲೆ ಎಲ್ಲವನ್ನೂ ತಂಪುಪೆಟ್ಟಿಗೆಗೆ ಇಳಿಸಿ ದ್ರವ ಹೀಲಿಯಂ ಹರಿಸಬೇಕು. ಜಗತ್ತಿನಲ್ಲಿ ಚಳಿ ಎಂಬುದು ಎಲ್ಲಿ ಮುಗಿಯುತ್ತದೋ ಅದರ ಹೊಸ್ತಿಲ ತನಕ ಹರಳು ತಣ್ಣಗಾಗುತ್ತದೆ. ಆಗ ವಜ್ರದ ಮೂಲಕ ಲೇಸರ್ ಬೆಳಕು ಬಿಟ್ಟರೆ, ತಿರುಗಿ ಬರುವ ಬೆಳಕಿನಲ್ಲಿ ಹರಳಿನ ಕಂಪನಗಳ ಗುರುತು ಇರುತ್ತದೆ.

ಹರಳೆಂದರೆ ಸತ್ತ ಕಲ್ಲಲ್ಲ. ಕಪಾಟಿನಲ್ಲಿ ಸುಮ್ಮನೆ ಬಿದ್ದಿರುವಾಗಲೂ ಅದರ ಪರಮಾಣುಗಳು ಒಳಗೊಳಗೇ ನಡುಗುತ್ತಿರುತ್ತವೆ. ಒಂದೊಂದು ನಡುಕಕ್ಕೂ ಒಂದೊಂದು ಸ್ವರ. ಒತ್ತಿದರೆ ಪರಮಾಣುಗಳು ಹತ್ತಿರ ಬಂದು ತಂತಿ ಬಿಗಿದ ಹಾಗಾಗಿ ಸ್ವರ ಏರುತ್ತದೆ. ತಣಿಸಿದರೆ ಗದ್ದಲ ಅಡಗಿ, ಕಂಪ್ಯೂಟರಿನ ಪರದೆಯ ಮೇಲೆ ಸ್ವರಕ್ಕೊಂದರಂತೆ, ಬೋರಲು ಬುಟ್ಟಿಯ ಹಾಗೆ ಕಾಣುತ್ತಿದ್ದ ಗುಡ್ಡಗಳು ಸೂಜಿಯಷ್ಟು ತೆಳ್ಳಗೆ ಎದ್ದು ನಿಲ್ಲುತ್ತವೆ. ಇಷ್ಟು ತಿಳಿದರೆ ಆ ಕೋಣೆಯ ಅರ್ಧ ವಿದ್ಯೆ ಬಂದಂತೆ.

ಉಳಿದರ್ಧ ಇರುವುದು ಮಾಣಿಕ್ಯದಲ್ಲಿ. ಒಳಗಿನ ಒತ್ತಡ ಎಷ್ಟು ಎಂದು ಹೇಳುವುದು ಅದೇ. ಒತ್ತಡ ಏರಿದಂತೆ ಅದರ ಕೆಂಪು ಬೆಳಕು ಒಂದು ಕಡೆಗೆ ಸರಿಯುತ್ತದೆ, ಸರಿದದ್ದನ್ನು ಅಳೆದು ಕಂಪ್ಯೂಟರು ಒಂದು ಅಂಕಿ ಕೊಡುತ್ತದೆ. ಆದರೆ ಚಳಿಗೂ ಆ ಬೆಳಕು ಸರಿಯುತ್ತದೆ, ಅದೂ ಉಲ್ಟಾ ದಿಕ್ಕಿಗೆ. ಕಂಪ್ಯೂಟರಿಗೆ ಚಳಿಯ ಪರಿವೆಯಿಲ್ಲ; ಹರಳು ಮೇಜಿನ ಮೇಲೆ ಬೆಚ್ಚಗೆ ಕೂತಿದೆ ಎಂದೇ ಅದರ ನಂಬಿಕೆ. ಹಾಗಾಗಿ ತೀರ ಚಳಿಯಲ್ಲಿ ಅದು ತೋರಿಸುವ ಒತ್ತಡ ಇರುವುದಕ್ಕಿಂತ ಕಡಿಮೆ, ಗಿಗಾಪಾಸ್ಕಲ್ ಎಂಬ ಅಳತೆಯಲ್ಲಿ ಸುಮಾರು 2.4, ಆ ಕೋಣೆಯ ಮಾತಿನಲ್ಲಿ ಎರಡೂ ನಾಲ್ಕರಷ್ಟು, ಕಡಿಮೆ. "ಚಳಿಯಲ್ಲಿ ಮಾಣಿಕ್ಯ ಸುಳ್ಳು ಹೇಳುತ್ತೆ. ಪಾಪ, ಅದರ ತಪ್ಪಲ್ಲ. ನಾವು ತಿದ್ದಿಕೋಬೇಕು" ಎಂದು ಸೂಜಿಯಕ್ಕ ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದಳು.

ತಿದ್ದುವುದರಲ್ಲಿ ಅವಳದೇ ಒಂದು ಪದ್ಧತಿ ಇತ್ತು. ಅದು ಅಪ್ಪನಿಂದ ಬಂದದ್ದು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಗಡಿಯಾರ ಬಂದಾಗ ಹೇಗಿತ್ತು, ಎಷ್ಟು ನಿಮಿಷ ಹಿಂದೆ ಓಡುತ್ತಿತ್ತು ಎಂಬುದನ್ನು ದೊಡ್ಡ ಪುಸ್ತಕದಲ್ಲಿ ಬರೆಯುತ್ತಿದ್ದ. ತಾನು ತಿದ್ದಿದ್ದನ್ನು ಜೇಬಿನ ಸಣ್ಣ ಪುಸ್ತಕದಲ್ಲಿ. "ಕಂಡದ್ದನ್ನ ಕಂಡ ಹಾಗೇ ಬರಿ ಮಗಳೇ. ತಿದ್ದಿದ್ದು ಬೇರೆ ಕಡೆ ಇರಲಿ. ಎರಡನ್ನೂ ಬೆರೆಸಿದ್ರೆ ಆಮೇಲೆ ಯಾವುದು ಗಡಿಯಾರದ್ದು, ಯಾವುದು ನಿನ್ನದು ಅಂತ ಗೊತ್ತಾಗಲ್ಲ" ಎನ್ನುತ್ತಿದ್ದ. ಅವನ ಕಣ್ಣು ಮಂಜಾದಾಗ ಹದಿನಾಲ್ಕು ವರ್ಷದ ದೊಡ್ಡ ಮಗಳು ಶಾಲೆ ಬಿಟ್ಟು ಆ ಸ್ಟೂಲಿನ ಮೇಲೆ ಕೂತಳು. ಚಿಕ್ಕವಳಾದರೂ ಮುಂದೆ ಓದಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವರಲ್ಲಿ ಅವಳೂ ಒಬ್ಬಳು, ಅದಕ್ಕಾಗಿ ಅವಳು ಯಾರನ್ನೂ ದೂರಿದವಳಲ್ಲ.

ಹಾಗಾಗಿ ಪ್ರಯೋಗಾಲಯದಲ್ಲೂ ಎರಡು ಪುಸ್ತಕ. ಕಂಪ್ಯೂಟರು ತೋರಿಸಿದ ಅಂಕಿ ಮೇಜಿನ ಮೇಲಿನ ನೀಲಿ ಪುಸ್ತಕಕ್ಕೆ. ಚಳಿಯ ಲೆಕ್ಕ ಸೇರಿಸಿ ತಿದ್ದಿದ ಅಂಕಿ ಕೈಚೀಲದ ಕಪ್ಪು ಪುಸ್ತಕಕ್ಕೆ. ಒಂದು ಹರಳಿನ ಕೆಲಸ ಪೂರ್ತಿ ಮುಗಿದ ಮೇಲೆ ಕಪ್ಪು ಪುಸ್ತಕ ನೋಡಿ, ದುಂಡು ಅಕ್ಷರದಲ್ಲಿ ಒಂದು ಹಾಳೆ ಬರೆದು ಕೊಡುತ್ತಿದ್ದಳು. ಹಾಳೆ ಬರುವ ತನಕ ನೀಲಿ ಪುಸ್ತಕದ ತಂಟೆಗೆ ಹೋಗಬಾರದು ಎಂಬುದು ಆ ಕಾರಿಡಾರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಕಾನೂನು. ತಂಗಿಗೂ ಮೊದಲ ತಿಂಗಳೇ ಹೇಳಿದ್ದಳು. ತಂಗಿ ಫೋನು ನೋಡುತ್ತ "ಹ್ಞೂಂ, ಹ್ಞೂಂ" ಎಂದಿದ್ದಳು.

ಆ ತಂಗಿ ಈಗ ಅದೇ ಪ್ರಯೋಗಾಲಯದಲ್ಲಿ ಸಂಶೋಧಕಿ. ಅಕ್ಕನಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಮನೆಯಲ್ಲಿ ಪುಟ್ಟಿ. ಅವಳಿಗೆ ಜಡೆ ಹಾಕಿ ಬೆಳೆಸಿದ ಬೆರಳುಗಳೇ ಈಗ ಅವಳ ಹರಳುಗಳನ್ನು ಕೂರಿಸುತ್ತಿದ್ದವು. ಹದಿನಾರು ತಿಂಗಳು ಇಬ್ಬರೂ ಒಂದೇ ಹರಳಿನ ಹಿಂದೆ ಬಿದ್ದಿದ್ದರು. ಒಂದು ಮಧ್ಯಾಹ್ನ ಸ್ಕ್ರೂ ಬಿಗಿದು, ತಣಿಸಿ, ಪರದೆ ನೋಡಿದಾಗ ಸೂಜಿಯಕ್ಕ ಕುರ್ಚಿಯಲ್ಲಿ ನೆಟ್ಟಗಾದಳು.

"ಪುಟ್ಟೀ, ಇಲ್ಲಿ ನೋಡೇ. ಎಲ್ಲಾ ಸ್ವರಗಳೂ ಮೇಲಕ್ಕೆ ಹೋಗ್ತಿವೆ. ಈ ಕೊನೇದು ಕೆಳಕ್ಕೆ ಬರ್ತಿದೆ."

"ಏನೋ ಅಲ್ಲಾಡಿರಬೇಕು ಅಕ್ಕಾ."

"ಅಲ್ಲಾಡಿದ್ರೆ ಎಲ್ಲಾ ಅಲ್ಲಾಡ್ತಿತ್ತು. ಇದೊಂದೇ ಯಾಕೆ ಸಡಿಲ ಆಗ್ತಿದೆ?"

ಬಿಚ್ಚಿ, ಅದೇ ಬಗೆಯ ಹೊಸ ಹರಳು ಕೂರಿಸಿ ಮತ್ತೆ ನೋಡಿದಳು. ಇನ್ನೊಮ್ಮೆ ನೋಡಿದಳು. ಮೂರು ಸಲವೂ ಅದೇ ಕಥೆ. ಬೆಚ್ಚಗಿದ್ದಾಗ ಒತ್ತಿದರೆ ಎಲ್ಲದರಂತೆ ಏರುವ ಸ್ವರ, ಚಳಿಯಲ್ಲಿ ಒತ್ತಿದರೆ ಮಾತ್ರ ಇಳಿಯುತ್ತಿತ್ತು. ಹರಳು ತನ್ನ ರೂಪವನ್ನೇ ಬದಲಿಸುವ ಮೊದಲು ಹೀಗೆ ಒಂದು ಕಂಪನ ಸೋತು ಸಡಿಲವಾಗುತ್ತದೆ ಎಂದು ತಂಗಿ ಪುಸ್ತಕಗಳನ್ನು ತಿರುವಿ ಹೇಳಿದಳು. ಈ ಹರಳಿನಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ತಂಗಿ ಅಕ್ಕನ ಕುತ್ತಿಗೆಗೆ ಜೋತುಬಿದ್ದು, "ಅಕ್ಕಾ, ಇದು ಪೇಪರ್ ಆಗುತ್ತೆ. ನನ್ನ ಹೆಸರಿನ ಪಕ್ಕದಲ್ಲೇ ನಿನ್ನ ಹೆಸರು. ಆಮೇಲೆ ಆ ಕಾಯಂ ಕೆಲಸ ಯಾರು ತಪ್ಪಿಸ್ತಾರೆ ನೋಡ್ತೀನಿ" ಎಂದಳು.

ಕಾಯಂ ಕೆಲಸದ ಮಾತು ಗಾಳಿಯದ್ದಲ್ಲ. ಈ ಕೆಲಸವೆಲ್ಲ ನಡೆಯುವ ಒತ್ತಡ ಕೋಣೆಯ ಉಸ್ತುವಾರಿಗೆ ಒಂದು ಹುದ್ದೆ ಬರುವುದಿತ್ತು. ಪದವಿ ಇಲ್ಲದವರೂ ಅರ್ಜಿ ಹಾಕಬಹುದು. ಆದರೆ ಅಚ್ಚಾದ ಒಂದು ಪ್ರಬಂಧದಲ್ಲಾದರೂ ಹೆಸರಿರಬೇಕು, ವಯಸ್ಸು ನಲವತ್ತೈದು ದಾಟಿರಬಾರದು. ಸೂಜಿಯಕ್ಕನಿಗೆ ನಲವತ್ತನಾಲ್ಕು ತುಂಬಿ ಮೂರು ತಿಂಗಳಾಗಿತ್ತು. ಹದಿನೇಳು ವರ್ಷದಿಂದ ಅವಳದು ವರ್ಷಕ್ಕೊಮ್ಮೆ ಸಹಿ ಹಾಕಿ ಮುಂದುವರಿಸುವ ಕೆಲಸ. ಈ ಸಲ ತಪ್ಪಿದರೆ ಮುಂದಿನ ಸಲ ಎಂಬುದೇ ಇರಲಿಲ್ಲ. ಅವಳು ಅರ್ಜಿಯ ಹಾಳೆ ತಂದು, ಹೆಸರು ವಯಸ್ಸು ತುಂಬಿ, ಪ್ರಬಂಧದ ಸಾಲನ್ನು ಖಾಲಿ ಬಿಟ್ಟು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಳು.

"ಇನ್ನೆರಡು ಸುತ್ತು ನೋಡೋಣ ಪುಟ್ಟಿ, ಆಮೇಲೆ ಹಾಳೆ ಬರೆದು ಕೊಡ್ತೀನಿ" ಎಂದಿದ್ದಳು. ಪುಟ್ಟಿ ಆಗಲಿ ಎಂದಿದ್ದಳು.

ಎರಡನೇ ಸುತ್ತಿನ ನಡುವೆ ಒಂದು ಬೆಳಿಗ್ಗೆ ಗ್ಯಾಸಣ್ಣ ಹೀಲಿಯಂ ಪಾತ್ರೆ ತಳ್ಳಿಕೊಂಡು ಬಂದ. ಹೀಲಿಯಂ ತರುವವನು ಅವನೇ ಆದ್ದರಿಂದ ಆ ಹೆಸರು. ಮಾತಿನಲ್ಲೂ ಗ್ಯಾಸಿಗೆ ಕಡಿಮೆಯಿರಲಿಲ್ಲ.

"ಸೂಜಿಯಕ್ಕಾ, ಪಾರ್ಟಿ ಯಾವಾಗ?"

"ಯಾತರದ್ದಪ್ಪ?"

"ತಂಗಿ ಪೇಪರ್ ಬಂದಿದೆಯಲ್ಲ, ಬೋರ್ಡಿಗೆ ಹಾಕಿದ್ದಾರೆ. ನಿಮ್ಮ ಹೆಸರು ಹುಡುಕಿದೆ. ನನ್ನ ಕನ್ನಡಕ ಬದಲಿಸೋ ಕಾಲ ಬಂತೇನೋ, ಕಾಣಿಸ್ಲಿಲ್ಲ."

ಅವಳು ಸೂಜಿಯನ್ನು ಅದರ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಬೋರ್ಡಿನ ಹತ್ತಿರ ಹೋದಳು. ಪ್ರಬಂಧದಲ್ಲಿದ್ದ ಗುಡ್ಡಗಳ ಚಿತ್ರ ನೋಡಿದ ಕೂಡಲೇ ಗುರುತು ಹತ್ತಿತು. ಬಲತುದಿಯಲ್ಲಿ ಒಂದು ಬೇಡದ ಸಣ್ಣ ಉಬ್ಬು ಇತ್ತು. ತಂಪುಪೆಟ್ಟಿಗೆಯ ಗಾಜಿನ ಮೇಲಿನ ಗೀರಿನಿಂದ ಬರುತ್ತಿದ್ದದ್ದು. ಗಾಜು ಬದಲಿಸಬೇಕು ಎಂದು ಅವಳೇ ಎರಡು ಸಲ ಬರೆದುಕೊಟ್ಟಿದ್ದಳು. ಪ್ರಬಂಧದ ತಲೆಯಲ್ಲಿ ನಾಲ್ಕು ಹೆಸರು: ತಂಗಿ, ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು, ಆ ಹರಳನ್ನು ಕಣ್ಣಿಂದಲೂ ನೋಡದ ಮೇಷ್ಟ್ರ ಸ್ನೇಹಿತರೊಬ್ಬರು, ಆ ಸ್ನೇಹಿತರ ಶಿಷ್ಯನೊಬ್ಬ. ಕೊನೆಯ ಪುಟದ ಕೊನೆಯಲ್ಲಿ, ಯಂತ್ರಗಳನ್ನು ನೋಡಿಕೊಂಡ ಸಿಬ್ಬಂದಿಗೆ ಧನ್ಯವಾದ ಎಂದಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ ದೊಡ್ಡವರು. ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಆದಾಗ ಏನು ಮಾಡಬೇಕು ಎಂದು ಅವರು ಹೇಳಿಹೋಗಿಲ್ಲ.

ಆಮೇಲೆ ಅಂಕಿ ಕಣ್ಣಿಗೆ ಬಿತ್ತು. ಸ್ವರ ಇಳಿಯತೊಡಗುವ ಒತ್ತಡ ಆರೂ ನಾಲ್ಕು ಎಂದು ಅಚ್ಚಾಗಿತ್ತು. ಆರೂ ನಾಲ್ಕು ನೀಲಿ ಪುಸ್ತಕದ ಅಂಕಿ, ಮಾಣಿಕ್ಯದ ಸುಳ್ಳು. ನಿಜವಾದದ್ದು ಎಂಟೂ ಎಂಟು, ಅದು ಅವಳ ಚೀಲದಲ್ಲಿತ್ತು. ಪುಟ್ಟಿ ನೀಲಿ ಪುಸ್ತಕದ ಪುಟಗಳ ಫೋಟೋ ತೆಗೆದುಕೊಂಡಿರಬೇಕು. ಹಾಳೆ ಕೊಡು ಎಂದು ಕೇಳಿದ್ದರೆ ಅಂಕಿ ಸರಿಹೋಗುತ್ತಿತ್ತು. ಆದರೆ ಕೇಳಿದ್ದರೆ ಪೇಪರ್ ಬರೆಯುತ್ತಿರುವ ಗುಟ್ಟು ರಟ್ಟಾಗುತ್ತಿತ್ತು. ಸೂಜಿಯಕ್ಕನಿಗೆ ಮೊದಲು ಬಂದದ್ದು ಕೋಪವಲ್ಲ, ಕೆಲಸದವಳ ದಿಗಿಲು. ಅಯ್ಯೋ, ತಪ್ಪು ಅಂಕಿ ಊರಿಗೆಲ್ಲ ಹೋಗಿಬಿಟ್ಟಿತಲ್ಲ ಎಂದುಕೊಂಡಳು. ಕೋಪ ಬಂದದ್ದು ಮೇಷ್ಟ್ರ ಕೋಣೆಗೆ ಮೆಟ್ಟಿಲು ಹತ್ತುವಾಗ.

ಮೇಷ್ಟ್ರು ಕೆಟ್ಟವರಲ್ಲ. ಹತ್ತು ವರ್ಷದಿಂದ ಒತ್ತಡ ಕೋಣೆಗೆ ಕಾಲಿಟ್ಟವರೂ ಅಲ್ಲ. ಅವಳು ಹೆಸರಿನ ಮಾತು ಎತ್ತಿದಾಗ ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

"ನೀವೇ ಬೇಡ ಅಂದ್ರಂತಲ್ಲಮ್ಮ. ನಾನು ನಿಮ್ಮ ಹೆಸರು ಇರಲಿ ಅಂತಲೇ ಹೇಳಿದ್ದೆ. ನಮ್ಮಕ್ಕನಿಗೆ ಇದೆಲ್ಲ ಮುಜುಗರ ಅಂತ ನಿಮ್ಮ ತಂಗಿ ಬರೆಸಿಕೊಂಡು ಬಂದ್ರು."

ಕಡತದಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ಈ ಪ್ರಬಂಧದಲ್ಲಿ ನನ್ನ ಹೆಸರು ಸೇರಿಸುವುದು ಬೇಡ ಎಂದು ಅಚ್ಚುಮಾಡಿದ ಎರಡು ಸಾಲು, ಕೆಳಗೆ ಅವಳ ಸಹಿ. ಸಹಿ ಸೊಟ್ಟಗಿತ್ತು. ಅವಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಬಲಗೈಯ ಸೂಜಿಯ ತುದಿಯಲ್ಲಿ ಹರಳು ಕೂತಿತ್ತು, ಕಣ್ಣು ಮೈಕ್ರೋಸ್ಕೋಪಿನಲ್ಲಿತ್ತು. "ಅಕ್ಕಾ, ಹೀಲಿಯಂ ಚೀಟಿಗೆ ಸಹಿ ಬೇಕು. ಇಲ್ಲೊಂದು, ಇಲ್ಲೊಂದು, ಇನ್ನೊಂದು" ಎಂದು ಪುಟ್ಟಿ ಹಾಳೆಗಳನ್ನು ಸರಿಸುತ್ತ ಹೋಗಿದ್ದಳು, ಅವಳು ಕಣ್ಣು ತೆಗೆಯದೆ ಎಡಗೈಯಲ್ಲಿ ಗೀಚುತ್ತ ಹೋಗಿದ್ದಳು. ಬೇರೆ ಯಾರಾದರೂ ಆಗಿದ್ದರೆ ಸೂಜಿ ಕೆಳಗಿಟ್ಟು ಓದುತ್ತಿದ್ದಳು. ಒಡಹುಟ್ಟಿದವಳು ತಂದ ಕಾಗದವನ್ನು ಓದಿ ಸಹಿ ಹಾಕುವವರು ಯಾರಿದ್ದಾರೆ?

ಸಹಿ ನನ್ನದಲ್ಲ ಎನ್ನುವಂತಿರಲಿಲ್ಲ. ಮೋಸದಿಂದ ಹಾಕಿಸಿದ್ದು ಎಂದರೆ ಪುಟ್ಟಿಯ ಪದವಿಯೇ ಹೋಗುತ್ತದೆ. ಅಂಕಿ ತಪ್ಪಾಗಿದೆ ಎಂದು ಹೇಳಲು ಬಾಯಿ ತೆರೆದಳು. ಹೇಳಿದರೂ ಪೆಟ್ಟು ಬೀಳುವುದು ಪುಟ್ಟಿಗೇ. ಮೂವತ್ತೆರಡು ವರ್ಷ ಮುಚ್ಚಿ ಕಾಪಾಡಿದ ಅಭ್ಯಾಸ ಒಂದು ಮಧ್ಯಾಹ್ನದಲ್ಲಿ ಹೋಗುವುದಿಲ್ಲ. "ಸರಿ ಸಾರ್" ಎಂದು ಎದ್ದು ಬಂದಳು.

ಮನೆಯಲ್ಲಿ ಅಮ್ಮ ಕಿಟಕಿಯ ಬೆಳಕಿಗೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ತಂಗಿ ಬಂದು ಚಪ್ಪಲಿ ಬಿಟ್ಟಳು. ಸೂಜಿಯಕ್ಕ ಬೋರ್ಡಿನಿಂದ ಕಿತ್ತು ತಂದಿದ್ದ ಪ್ರಬಂಧವನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟಳು.

"ಇದೇನು ಪುಟ್ಟಿ?"

ತಂಗಿ ನೋಡಿದಳು, ಕೂರಲಿಲ್ಲ. "ನಾನೇ ಹೇಳ್ಬೇಕು ಅಂತಿದ್ದೆ."

"ಯಾವಾಗ?"

"ಮೇಷ್ಟ್ರು ಒಪ್ಪಲಿಲ್ಲ ಅಕ್ಕಾ. ಡಿಗ್ರಿ ಇಲ್ಲದವರ ಹೆಸರು..."

"ಮೇಷ್ಟ್ರ ಹತ್ರ ಹೋಗಿ ಬಂದೇ ಕೇಳ್ತಿದೀನಿ. ಸಹಿ ಹಾಳೆ ನೋಡಿದೆ."

ತಂಗಿಯ ಮುಖ ಒಮ್ಮೆ ಬಿಳಿಚಿಕೊಂಡು ಆಮೇಲೆ ಕೆಂಪಾಯಿತು. ಸುಳ್ಳು ಮುಗಿದ ಮೇಲೆ ಜನ ನಿಜ ಹೇಳುವುದಿಲ್ಲ, ಮೊದಲು ರೇಗುತ್ತಾರೆ. ಅವಳೂ ರೇಗಿದಳು.

"ನಾನೇನು ಮಾಡ್ಲಿ? ಎಲ್ಲರೂ ಹೇಳೋದು ಅದೇ. ಕೈ ನಿಮ್ಮಕ್ಕಂದು, ಕಣ್ಣು ನಿಮ್ಮಕ್ಕಂದು. ಮೊದಲು ನೋಡಿದ್ದೂ ನೀನೇ. ನಾಳೆ ಪರೀಕ್ಷೆ ಮಾಡೋರು ಇದರಲ್ಲಿ ನಿನ್ನದೇನು ಅಂತ ಕೇಳಿದ್ರೆ ನಾನೇನು ಹೇಳ್ಲಿ? ಒಂದು ಸಲ, ಒಂದೇ ಒಂದು ಸಲ ನನ್ನದು ಅಂತ ಏನಾದ್ರೂ ಬೇಡ್ವಾ?"

"ನನ್ನ ಕೆಲಸದ ವಿಷಯ ಗೊತ್ತಿತ್ತಲ್ಲ ನಿನಗೆ."

"ಮುಂದಿನ ಪೇಪರಲ್ಲಿ ಹಾಕೋಣ ಅಂತಿದ್ದೆ."

"ಮುಂದಿನ ಪೇಪರ್ ಬರೋ ಹೊತ್ತಿಗೆ ನನ್ನ ವಯಸ್ಸು ಮುಗೀತು."

ಅಮ್ಮ ದಾರ ಕಚ್ಚಿ ತುಂಡರಿಸಿದಳು. "ಬಿಡೇ ದೊಡ್ಡವಳೇ. ಅವಳು ನನ್ನ ಹತ್ರ ಹೇಳಿದ್ದಳು. ನೀನು ನೊಂದ್ಕೋತೀಯ ಅಂತ ನಾನೇ ಸುಮ್ಮನಿರು ಅಂದೆ. ಮನೇಲಿ ಒಬ್ಬರಿಗೆ ಹೆಸರು ಬಂದ್ರೆ ಎಲ್ಲರಿಗೂ ಬಂದ ಹಾಗೇ ಅಲ್ವಾ?"

ಸೂಜಿಯಕ್ಕ ಅಮ್ಮನನ್ನು ನೋಡಿದಳು. ತಿಂಗಳುಗಟ್ಟಲೆ ಒಂದೇ ಮೇಜಿನಲ್ಲಿ ಮೂವರೂ ಉಂಡಿದ್ದಾರೆ. ಇಬ್ಬರಿಗೆ ಗೊತ್ತಿದ್ದು, ಒಬ್ಬಳು ತನ್ನ ಅರ್ಜಿಯ ಕಥೆ ಹೇಳುತ್ತ ಬಡಿಸಿದ್ದಾಳೆ. ತಂಗಿ ಮಾಡಿದ್ದು ಬೆಂಕಿ ಹೊತ್ತಿಸಿತ್ತು. ಅಮ್ಮ ಹೇಳಿದ್ದು ಆ ಬೆಂಕಿಯ ಮೇಲೆ ನೀರು ಸುರಿದಂತಾಗಿ, ಬರಿಯ ಹೊಗೆ ಉಳಿಯಿತು. ಅಂಕಿಯ ತಪ್ಪನ್ನು ಇಲ್ಲೂ ಅವಳು ಹೇಳಲಿಲ್ಲ.

ಏಳು ವಾರ ಕಳೆದವು. ಬೇರೆ ಕಡೆಯ ಒಂದು ಪ್ರಯೋಗಾಲಯದಿಂದ ಪತ್ರ ಬಂತು. ನೀವು ಹೇಳಿದ ಹರಳನ್ನೇ ನಾವೂ ಒತ್ತಿ ತಣಿಸಿದೆವು, ಆರೂ ನಾಲ್ಕಲ್ಲ, ಏಳರ ತನಕ ಹೋದೆವು, ಒಂದು ಸ್ವರವೂ ಇಳಿಯಲಿಲ್ಲ, ದಯವಿಟ್ಟು ವಿವರಿಸಿ ಎಂದು. ಮೇಷ್ಟ್ರು ತಂಗಿಯನ್ನು ಕರೆಸಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದ ತಂಗಿ ನೇರವಾಗಿ ಒತ್ತಡ ಕೋಣೆಗೆ ಬಂದು ಗೋಡೆಗೊರಗಿ ನಿಂತಳು. ಸಣ್ಣವಳಿದ್ದಾಗ ಏನಾದರೂ ಒಡೆದು ಬಂದಾಗಲೂ ಹೀಗೆಯೇ ನಿಲ್ಲುತ್ತಿದ್ದಳು.

"ಅಕ್ಕಾ, ಪೇಪರ್ ವಾಪಸ್ ತಗೋಬೇಕಾಗುತ್ತಂತೆ. ನನ್ನದೆಲ್ಲ ಮುಗೀತು."

ಸೂಜಿಯಕ್ಕ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಆರೂ ನಾಲ್ಕಲ್ಲ, ಎಂಟೂ ಎಂಟು. ಚಳಿಯ ಲೆಕ್ಕ ಸೇರಿಸಿಲ್ಲ ನೀನು."

ತಂಗಿ ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದಳು. "ನಿನಗೆ ಗೊತ್ತಿತ್ತಾ? ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಕೇಳ್ಲಿಲ್ಲ?"

ತಂಗಿ ಅಳತೊಡಗಿದಳು, ನಾಟಕದ ಅಳುವಲ್ಲ, ಮೂಗು ಸುರಿಯುವ ಅಳು. ಸೂಜಿಯಕ್ಕ ನೋಡಿಯೂ ನೋಡದಂತೆ ನಾಲ್ಕೂ ಸ್ಕ್ರೂ ಮುಗಿಸಿದಳು. ಬುದ್ಧಿ ಬೇಡ ಎನ್ನುತ್ತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದವಳು ಇವಳು, ಮುಳುಗಲಿ ಬಿಡು ಎನ್ನುತ್ತಿತ್ತು. ಆದರೆ ಬುದ್ಧಿಯ ಮಾತು ಕೇಳಿದ್ದರೆ ಅವಳು ಹದಿನಾಲ್ಕರಲ್ಲೇ ಆ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ. ಕೈಚೀಲ ತೆರೆದು ಕಪ್ಪು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ತಗೋ. ಎಲ್ಲಾ ಅಂಕಿ ಇದೆ ಇದರಲ್ಲಿ. ಪೇಪರ್ ವಾಪಸ್ ತಗೋಬೇಕಾಗಿಲ್ಲ, ಒಂದು ತಿದ್ದುಪಡಿ ಹಾಕಿದ್ರೆ ಸಾಕು. ಕಂಡದ್ದು ನಿಜವೇ, ಒತ್ತಡ ಮಾತ್ರ ಬೇರೆ."

"ತಿದ್ದುಪಡಿಯಲ್ಲಿ ನಿನ್ನ ಹೆಸರು ಹಾಕ್ತೀನಿ ಅಕ್ಕಾ. ಅಪ್ಪನಾಣೆ."

ಅವಳು ನಂಬಿದಳು. ಏನು ಹೇಳುವುದು, ನಂಬಿದಳು. ಅಪ್ಪನ ಆಣೆಯನ್ನು ಆ ಮನೆಯಲ್ಲಿ ಯಾರೂ ಸುಮ್ಮನೆ ಹಾಕುತ್ತಿರಲಿಲ್ಲ. ಡ್ರಾಯರಿನಿಂದ ಅರ್ಜಿ ತೆಗೆದಳು. ಪ್ರಬಂಧದ ಸಾಲಿನಲ್ಲಿ, ತಿದ್ದುಪಡಿಯಲ್ಲಿ ಹೆಸರು ಬರುವುದಿದೆ ಎಂದು ಬರೆದು, ಕೊನೆಯ ದಿನಕ್ಕೆ ನಾಲ್ಕು ದಿನ ಮುಂಚೆ ಕೊಟ್ಟು ಬಂದಳು. ತಿದ್ದುಪಡಿ ಅಚ್ಚಾಗಿ ಬರಲು ಹಿಡಿದ ನಾಲ್ಕು ವಾರವೂ ತಂಗಿ ದಿನಾ ಅಕ್ಕನಿಗೆ ಚಹಾ ತಂದುಕೊಟ್ಟಳು, ಸಂಜೆ ಜೊತೆಯಲ್ಲೇ ಮನೆಗೆ ನಡೆದಳು. ಸೂಜಿಯಕ್ಕನ ಮನಸ್ಸು ಅರ್ಧಕ್ಕರ್ಧ ತಿಳಿಯಾಗಿತ್ತು.

ತಿದ್ದುಪಡಿ ಅಚ್ಚಾದ ಸುದ್ದಿಯನ್ನೂ ಗ್ಯಾಸಣ್ಣನೇ ತಂದ. ಈ ಸಲ ಅವನು ತಮಾಷೆ ಮಾಡಲಿಲ್ಲ. ಪುಟವನ್ನು ಅವಳ ಮೇಜಿನ ಮೇಲಿಟ್ಟು, ಪಾತ್ರೆ ತಳ್ಳಿಕೊಂಡು ಸದ್ದಿಲ್ಲದೆ ಹೋದ.

ಆರೇ ಸಾಲು ಇತ್ತು. ಮೊದಲ ಸಾಲಿನಲ್ಲಿ ಆರೂ ನಾಲ್ಕು ಎಂದಿರುವುದನ್ನು ಎಂಟೂ ಎಂಟು ಎಂದು ಓದಿಕೊಳ್ಳಬೇಕು ಎಂದಿತ್ತು. ಕೆಳಗೆ ಕಪ್ಪು ಪುಸ್ತಕದ ಅಂಕಿಗಳು, ಒಂದೂ ಬಿಡದೆ. ಕೊನೆಯಲ್ಲಿ, ಅಳತೆಯ ದಾಖಲೆ ಪುಸ್ತಕ ಬರೆಯುವ ತಾಂತ್ರಿಕ ಸಿಬ್ಬಂದಿ ಚಳಿಯ ಲೆಕ್ಕವನ್ನು ಸೇರಿಸದೆ ಬಿಟ್ಟಿದ್ದರಿಂದ ಈ ತಪ್ಪು ನುಸುಳಿತು, ಇದಕ್ಕಾಗಿ ಲೇಖಕರು ವಿಷಾದಿಸುತ್ತಾರೆ ಎಂದಿತ್ತು. ಕೆಳಗೆ ಅದೇ ನಾಲ್ಕು ಹೆಸರು.

ಅವಳು ಎರಡು ಸಲ ಓದಿದಳು. ಹದಿನೇಳು ವರ್ಷದ ಕೆಲಸಕ್ಕೆ ಅಚ್ಚಿನಲ್ಲಿ ಸಿಕ್ಕಿದ್ದು ಇದು. ಹೆಸರು ಬಂದಿರಲಿಲ್ಲ, ತಪ್ಪು ಮಾತ್ರ ಬಂದಿತ್ತು. ಆ ಕೋಣೆಯಲ್ಲಿ ತಾಂತ್ರಿಕ ಸಿಬ್ಬಂದಿ ಎಂದರೆ ಯಾರು ಎಂದು ಲೋಕಕ್ಕೆಲ್ಲ ಗೊತ್ತಿತ್ತು. ಚಳಿಯಲ್ಲಿ ಮಾಣಿಕ್ಯ ಸುಳ್ಳು ಹೇಳುತ್ತದೆ ಎಂದು ಊರಿಗೆಲ್ಲ ಕಲಿಸಿದವಳು ಅದನ್ನು ಮರೆತಳಂತೆ. ತಂಗಿ ಆ ಸಾಲು ಬರೆಯುವಾಗ ಪಕ್ಕದಲ್ಲಿ ಕಪ್ಪು ಪುಸ್ತಕ ತೆರೆದೇ ಇದ್ದಿರಬೇಕು. ಒಂದೊಂದು ಅಂಕಿಯ ಪಕ್ಕದಲ್ಲೂ ಚಳಿಯ ಲೆಕ್ಕ ಅಕ್ಕನ ಕೈಬರಹದಲ್ಲೇ ಇತ್ತು. ಎಂಟು ದಿನಕ್ಕೆ ಅರ್ಜಿ ವಾಪಸಾಯಿತು. ತಿದ್ದುಪಡಿಯ ಪುಟದ ಒಂದು ಪ್ರತಿಯನ್ನು ಅದಕ್ಕೆ ಪಿನ್ನು ಮಾಡಿದ್ದರು, ಬೇರೆ ಏನೂ ಬರೆದಿರಲಿಲ್ಲ.

ಮನೆಯಲ್ಲಿ ಅವಳು ಜಗಳವಾಡಲಿಲ್ಲ. ಜಗಳಕ್ಕೂ ಒಂದಿಷ್ಟು ನಂಬಿಕೆ ಬೇಕು, ಎದುರಿನವರಿಗೆ ತಟ್ಟುತ್ತದೆ ಎಂಬ ನಂಬಿಕೆ. ಅಮ್ಮನಿಗೆ ಔಷಧಿ ಕೊಟ್ಟಳು, ಬಟ್ಟೆ ಮಡಚಿದಳು, ತಂಗಿ ಹತ್ತಿರ ಬಂದಾಗ ಬೇರೆ ಕೋಣೆಗೆ ಹೋದಳು. ತಂಗಿ ಎರಡು ಸಲ "ಮೇಷ್ಟ್ರು ಹಾಗೆ ಬರೀಬೇಕು ಅಂದ್ರು ಅಕ್ಕಾ" ಎಂದಳು. ಇದ್ದರೂ ಇರಬಹುದು. ಸೂಜಿಯಕ್ಕ ಹೋಗಿ ವಿಚಾರಿಸಲಿಲ್ಲ.

ತಿಂಗಳು ಕಳೆದ ಮೇಲೆ ತಂಗಿ ಒತ್ತಡ ಕೋಣೆಗೆ ಬಂದಳು. ಒಂದು ಕೈಯಲ್ಲಿ ಹೊಸ ಹರಳಿನ ಗಾಜಿನ ಡಬ್ಬಿ, ಇನ್ನೊಂದರಲ್ಲಿ ಕಪ್ಪು ಪುಸ್ತಕ. ಪುಸ್ತಕವನ್ನು ಮೇಜಿನ ಅಂಚಿಗೆ ಇಟ್ಟಳು.

"ಅಕ್ಕಾ, ಇದೊಂದು ಕೂರಿಸಿಕೊಡ್ತೀಯಾ? ಹಿಂದಿನದಕ್ಕಿಂತ ಹೆಚ್ಚು ಒತ್ತಬೇಕು ಈ ಸಲ. ಬೇರೆ ಯಾರ ಕೈಲೂ ಆಗಲ್ಲ."

ಸೂಜಿಯಕ್ಕ ಡ್ರಾಯರು ಎಳೆದು ಒಂದು ಹಾಳೆ ತೆಗೆದು ಮುಂದಿಟ್ಟಳು. ಹೊರಗಿನವರು ಕೆಲಸ ಮಾಡಿಸಿಕೊಳ್ಳಬೇಕಾದರೆ ತುಂಬಿಕೊಡುವ ಅರ್ಜಿ ಅದು. ತಂಗಿ ಇಷ್ಟು ವರ್ಷದಲ್ಲಿ ಅದನ್ನು ಕೈಯಲ್ಲೂ ಹಿಡಿದಿರಲಿಲ್ಲ.

"ಇದನ್ನ ತುಂಬಿಕೊಡಿ ಮೇಡಂ."

ತಂಗಿ ನಗಲು ನೋಡಿದಳು. "ಅಕ್ಕಾ, ನಾನು."

"ಗೊತ್ತು. ಹರಳು ಯಾವುದು, ಎಷ್ಟು ಒತ್ತಡ ಬೇಕು, ಎಷ್ಟು ಚಳಿ ಬೇಕು. ಕೊನೆಗೆ ಹರಳು ಕೂರಿಸೋರ ಹೆಸರು ಅಂತ ಇದೆ, ಅಲ್ಲಿ ನನ್ನ ಹೆಸರು ಬರೀರಿ. ಪೂರ್ತಿ ಬರೀಬೇಕು."

ತಂಗಿ ನಿಂತುಕೊಂಡೇ ಬರೆದಳು. ಕೊನೆಯ ಸಾಲಿಗೆ ಬಂದಾಗ ಪೆನ್ನು ತಡೆಯಿತು, ಆಮೇಲೆ ಬರೆಯಿತು, ಅಪ್ಪನ ಹೆಸರಿನ ಮೊದಲಕ್ಷರ ಸಮೇತ. ಸೂಜಿಯಕ್ಕ ಹಾಳೆಯನ್ನು ತನ್ನ ಕಡೆ ತಿರುಗಿಸಿ ಓದಿದಳು. ತಂಗಿಯ ಅಕ್ಷರ ಚೆಂದ. ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸಿದ್ದು ಅವಳೇ. ಆ ಅಕ್ಷರದಲ್ಲಿ ತನ್ನ ಹೆಸರನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಬಂದ ದಿನಾಂಕದ ಮುದ್ರೆ ಒತ್ತಿ, ಹಾಳೆಯನ್ನು ಇತರ ಅರ್ಜಿಗಳ ಅಡಿಗೆ ಸೇರಿಸಿದಳು.

"ಏಳು ಜನ ಮುಂದಿದ್ದಾರೆ. ಸರದಿ ಬಂದಾಗ ಹೇಳಿಕಳಿಸ್ತೀವಿ."

"ನನ್ನ ಜೊತೆ ಹೀಗೆಲ್ಲ ಮಾತಾಡ್ಬೇಡ ಅಕ್ಕಾ."

"ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋಗಿ ಮೇಡಂ. ಗಾಳಿ ಬಂದ್ರೆ ಹರಳು ಹಾರುತ್ತೆ."

ತಂಗಿ ಹರಳಿನ ಡಬ್ಬಿ ಎತ್ತಿಕೊಂಡು ಹೋದಳು. ಬಾಗಿಲು ಮೆಲ್ಲಗೇ ಹಾಕಿಕೊಂಡಿತು. ಸೂಜಿಯಕ್ಕ ಸರದಿಯಲ್ಲಿ ಮೊದಲಿದ್ದವರ ಹರಳನ್ನು ಮೈಕ್ರೋಸ್ಕೋಪಿನ ಅಡಿಗೆ ತಂದಳು, ಸೂಜಿ ತೆಗೆದುಕೊಂಡಳು, ತುದಿಯಿಂದ ಹರಳನ್ನು ಎತ್ತಿದಳು. ಅದನ್ನು ತೂತಿನ ಮೇಲೆ ತಂದು ನಿಲ್ಲಿಸಿದಳು. ಉಸಿರು ಬಿಗಿಹಿಡಿದಳು. ಹದಿನೇಳು ವರ್ಷದಲ್ಲಿ ಮೊದಲ ಸಲ ಹರಳು ಸೂಜಿಯಿಂದ ಜಾರಿ ಎಲ್ಲೋ ಬಿತ್ತು. ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ನೆಲದ ಮೇಲೆ ಮಂಡಿಯೂರಿ ಹುಡುಕತೊಡಗಿದಳು.